ಯಾಕೂಬಸಾಬನ ಡೇರೆಯಲ್ಲಿ ಮುಗಿದ ಪಿಚ್ಚರ್

ಫೌಜದಾರನ ಬೆತ್ತ ಗುರವ್ವನ ಬಾಗಿಲಿಗೆ ಬಿದ್ದಾಗ ಹೊರ್ತಿಯ ಆ ಓಣಿಯಲ್ಲಿ ಒಲೆ ಬಿಟ್ಟು ಹೊರಗೆ ಬಾರದವರೇ ಇರಲಿಲ್ಲ. ಇಂಥ ಹೊತ್ತಿಗೆ ಮಾತ್ರ ನಮ್ಮ ಜನಕ್ಕೆ ಯಾವ ಕೆಲಸವೂ ಇರುವುದಿಲ್ಲ.

"ಸೋಮನಿಂಗ ಎಲ್ಲಿದಾನ?"

ಗುರವ್ವ ಕದ ತೆರೆದು ಹೊಸ್ತಿಲ ಮೇಲೆಯೇ ನಿಂತಳು. ಅಂಗೈಗೆ ಜೋಳದ ಹಿಟ್ಟು ಮೆತ್ತಿತ್ತು.

ಸೋಮನಿಂಗ ಅವಳ ಒಬ್ಬನೇ ಮಗ. ಊರ ಸಾವಕಾರನ ಮೇವಿನ ಬಣವೆಗೆ ಬೆಂಕಿ ಹಚ್ಚಿದವನು ಅವನೇ ಎಂದು ಸಾವಕಾರ ಫಿರ್ಯಾದಿ ಕೊಟ್ಟಿದ್ದ. ಹಸಿ ಸುಳ್ಳು. ಬೆಂಕಿ ಬಿದ್ದ ದಿನ ಹುಡುಗ ದೂರದ ತಂಗಡಗಿಯಲ್ಲಿ ಕಬ್ಬು ಕಡಿಯುತ್ತಿದ್ದ, ಕಂಡವರಿದ್ದರು. ಆದರೆ ಕಂಡವರ ಮಾತು ನಡೆಯುವುದು ಕೋರ್ಟಿನಲ್ಲಿ. ತಾನಾಗಿ ಹೋಗಿ ಅಲ್ಲಿ ನಿಂತರೆ ಬದುಕಿದ, ಅದಕ್ಕೆ ಮೊದಲೇ ಈ ಫೌಜದಾರನ ಕೈಗೆ ಸಿಕ್ಕರೆ ಮುಗಿಯಿತು. ಸಾವಕಾರನ ಮಾತು ಕೇಳಿ ಈತ ಹಿಂದೆ ಹಿಡಿದೊಯ್ದ ಇಬ್ಬರಲ್ಲಿ ಒಬ್ಬ ಕುಂಟುತ್ತ ಬಂದ, ಇನ್ನೊಬ್ಬ ಬರಲೇ ಇಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಹಡೆದವಳಿಗೆ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಆದರೆ ಆ ತಾಯಿಮಗನ ನಡುವೆ ಮಾತು ನಿಂತು ವರ್ಷವಾಗಿತ್ತು. ನನ್ನ ತಮ್ಮನ ಮಗಳನ್ನು ಮದುವೆ ಮಾಡಿಕೋ ಎಂದಳು ಅವಳು. ಒಲ್ಲೆ ಎಂದ ಇವನು. "ಇನ್ನ ಈ ಮನಿ ಹೊಸ್ತಲಾ ತುಳೀಬ್ಯಾಡ ನೀ" ಎಂದು ಅವಳು ಓಣಿಗೆಲ್ಲ ಕೇಳುವಂತೆ ಕೂಗಿದ್ದಳು. ಅವನು ಹಿಂತಿರುಗಿ ನೋಡದೆ ತಂಗಡಗಿಯ ದಾರಿ ಹಿಡಿದಿದ್ದ. ಹಟದಲ್ಲಿ ಇಬ್ಬರೂ ಒಂದೇ, ಬೇರೆ ಹೇಳುವುದೇ ಬೇಡ.

"ಏ ಮುದುಕಿ, ನಿನ್ನ ಕೇಳಾಕತ್ತೇನಿ. ನಿನ್ನ ಮಗ ಎಲ್ಲಿ?"

ಗುರವ್ವ ತಲೆಯ ಮೇಲಿನ ಸೆರಗು ಎಳೆದುಕೊಂಡಳು. ಒಳಮನೆಯ ಗೋಡೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಯಾವ ಮಗ? ನನಗ ಮಗಾನ ಇಲ್ಲ!"

ಓಣಿ ಹೋ ಎಂದು ನಕ್ಕಿತು. ಫೌಜದಾರನಿಗೂ ನಗು ತಡೆಯಲಿಲ್ಲ.

ನಗದೆ ಏನು ಮಾಡಿಯಾರು? ಆ ಮಾತು ಎಲ್ಲಿಯದೆಂದು ಕೂಸಿಗೂ ಗೊತ್ತು. ಯಾಕೂಬಸಾಬ ತನ್ನ ಡೇರೆ ಟಾಕೀಸಿಗೆ ತಂದ ಹಳೆಯ ಪಿಚ್ಚರಿನ ಖಳನ ಮಾತದು. ಆತ ಕುಡಿಯುತ್ತಾನೆ, ಬಡಿಯುತ್ತಾನೆ, ಹಡೆದ ತಾಯಿಯನ್ನು ಅಳಿಸುತ್ತಾನೆ. ಕೊನೆಗೆ ತನ್ನ ಮನೆಯ ಬಾಗಿಲಲ್ಲಿ ನಿಂತಿರುವಾಗ, ನಿನ್ನ ತಾಯಿ ಎಲ್ಲಿ ಎಂದು ಯಾರೋ ಕೇಳುತ್ತಾರೆ. ಕೇಳಿದವರು ಕಾಣುವುದಿಲ್ಲ. ಪರದೆಯ ತುಂಬ ಅವನದೇ ಮುಖ. "ಯಾವ ತಾಯಿ? ನನಗೆ ತಾಯಿಯೇ ಇಲ್ಲ!" ಎನ್ನುತ್ತಾನೆ. ಅಲ್ಲಿಗೆ ಶುಭಂ. ಹರಿದಲ್ಲಿ ಅಂಟಿಸಿ, ಸುಟ್ಟಲ್ಲಿ ಕತ್ತರಿಸಿ ಯಾಕೂಬಸಾಬ ಅದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯಲ್ಲೆಲ್ಲ ಆಡಿಸಿದ್ದ. ಮುದ್ದೇಬಿಹಾಳದಲ್ಲಿ ಒಬ್ಬ ಅಜ್ಜಿ ಪರದೆಗೆ ಚಪ್ಪಲಿ ಬೀಸಿದಳು. ಬಾಗೇವಾಡಿಯ ಮಾಸ್ತರರು ಸಾಲಿಯಲ್ಲಿ ಅದನ್ನೇ ಹಿಡಿದು ನೀತಿ ಹೇಳಿದರು. ನಾಲ್ಕೂ ತಾಲೂಕಿನಲ್ಲಿ ತಾಯಿಗೆ ಎದುರಾಡಿದ ಮಗನಿಗೆಲ್ಲ ಆ ಖಳನ ಹೆಸರೇ ಬಿತ್ತು.

ಸೋಮನಿಂಗನೂ ಅದನ್ನು ಮುದ್ದೇಬಿಹಾಳದ ಡೇರೆಯಲ್ಲಿ ನೋಡಿದ್ದ. ಗುರವ್ವ ನೋಡಿದ್ದು ಮಗಳ ಬಾಣಂತನಕ್ಕೆ ಹೋದಾಗ, ಸೊಲ್ಲಾಪುರದ ದೊಡ್ಡ ಥೇಟರಿನಲ್ಲಿ. ಮನೆ ಮುಟ್ಟುವ ತನಕ ಅತ್ತಳಂತೆ. ತಾನೂ ಅಂಥ ಮಗನನ್ನೇ ಹಡೆದೆನಲ್ಲ ಎಂದು ಅತ್ತಿರಬೇಕು ಅಂತ ಓಣಿಯ ಹೆಂಗಸರು ತಾವೇ ತೀರ್ಮಾನ ಮಾಡಿದ್ದರು.

"ಬರೋಬ್ಬರಿ ಅಂದಿ ಬಿಡು, ಗುರವ್ವಕ್ಕ!" ಎಂದ ಎದುರುಮನೆಯ ಪರಸಪ್ಪ. "ಅಂಥಾಂವಗ ಇಂಥಾದ್ದ ಆಗಬೇಕು."

ಪಕ್ಕದ ಮನೆಯ ಕಸ್ತೂರೆವ್ವ ಫೌಜದಾರನಿಗೇ ಸಾಕ್ಷಿ ನುಡಿದಳು. "ವರ್ಷಾತ್ರೀ ಸಾಹೇಬ್ರ, ಈಕಿ ಬಾಯಾಗ ಅವನ ಹೆಸರ ಬಂದಿಲ್ರಿ. ಆದ್ರ ಇವತ್ತ ಮುಂಜಾನಿಂದ ಒಂದ ಸವನ ರೊಟ್ಟಿ ಬಡಿಯಾಕತ್ತಾಳ. ಒಂಟಿ ಜೀವಕ್ಕ ಅಷ್ಟ ರೊಟ್ಟಿ ಯಾಕ ಬೇಕೋ!"

"ನಿನಗೂ ಕೊಡ್ತೇನಿ, ಒಂದ ಒಯ್ಯು" ಎಂದಳು ಗುರವ್ವ. ಮತ್ತೆ ನಗು.

ಫೌಜದಾರ ಬೆತ್ತವನ್ನು ಕಂಕುಳಿಗೆ ಸೇರಿಸಿದ. "ಹಡದಾಕಿನ ಹಿಂಗ ಅಂದ ಮ್ಯಾಲ ಇಲ್ಲೇನ ಹುಡುಕೂದು? ನಡೀರಿ, ತಂಗಡಗಿ ಕಡೆ ನೋಡೂಣು" ಎಂದು ಪೇದೆಗಳಿಗೆ ಹೇಳಿ ಮೆಟ್ಟಿಲಿಳಿದ. ಗುರವ್ವ ಬಾಗಿಲ ಚೌಕಟ್ಟನ್ನು ಬಿಟ್ಟು ಉಸಿರು ಬಿಟ್ಟಳು.

ಆಗ ಅವಳ ಬೆನ್ನ ಹಿಂದೆ ಹೊಟ್ಟಿನ ಕೋಣೆಯ ಕದ ಸರಿಯಿತು.

ಸೋಮನಿಂಗ ಹೊರಗೆ ಬಂದ. ತಲೆ, ಮೀಸೆ, ಅಂಗಿ ಎಲ್ಲ ಜೋಳದ ಹೊಟ್ಟು. ನಸುಕಿನಲ್ಲಿ ಹಿತ್ತಲ ಗೋಡೆ ಹಾರಿ ಬಂದಿದ್ದ. ತಾಯಿ ಬಾ ಎಂದಿರಲಿಲ್ಲ, ಹೋಗು ಎಂದೂ ಅಂದಿರಲಿಲ್ಲ. ತೋಳು ಹಿಡಿದು ಒಳಗೆ ನೂಕಿ, ಬಿಸಿ ರೊಟ್ಟಿ ಕೊಟ್ಟು, ಕದ ಮುಚ್ಚಿ ಹೋಗಿದ್ದಳು. ವರ್ಷದ ಮೇಲೆ ಅವನ ಕಿವಿಗೆ ಬಿದ್ದ ಅವಳ ಮೊದಲ ಮಾತು ಅದೇ, ಬಾಗಿಲಲ್ಲಿ ನಿಂತು ಆಡಿದ್ದು.

"ಸಾಹೇಬ್ರ, ಇಲ್ಲೇ ಅದೀನ್ರಿ" ಎಂದ.

"ಒಳಗ ನಡಿಯೋ!" ಗುರವ್ವ ಅವನ ಎದೆಗೆ ಕೈಕೊಟ್ಟು ಹಿಂದಕ್ಕೆ ದಬ್ಬಿದಳು. ಅವನು ಅವಳ ಕೈ ಸರಿಸಿದ. ಕಣ್ಣು ಕೆಂಪಗಾಗಿದ್ದವು.

"ಬಿಡಬೇ. ಇಷ್ಟ ಮಂದಿ ಮುಂದ ಮಗಾನ ಇಲ್ಲ ಅಂದಿ. ನೀ ಒಲ್ಲದ ಮ್ಯಾಲ ನಿನ್ನ ಹೊಟ್ಟಿನ ಕೋಣ್ಯಾಗ ಅಡಗಿ ಕುಂತು ಬದುಕೂದು ನನಗೂ ಬ್ಯಾಡ."

ಅವನು ಹೊಸ್ತಿಲು ದಾಟಿ ಎರಡೂ ಕೈ ಮುಂದೆ ಚಾಚಿದ. ಫೌಜದಾರನಿಗೆ ಹುಡುಕದೆ ಸಿಕ್ಕ ಸರಕು, ಬೇಡಿ ತೊಡಿಸಲು ತಡ ಮಾಡಲಿಲ್ಲ. ಗುರವ್ವ ಅಂಗಳಕ್ಕೆ ಓಡಿ ಮಗನ ಅಂಗಿ ಹಿಡಿದು ಜಗ್ಗಿದಳು.

"ಪಿಚ್ಚರ್ ಅಲ್ಲಿಗೆ ಮುಗಿಯೂದಿಲ್ಲೋ ಹುಚ್ಚಪ್ಪಾ! ಸೊಲ್ಲಾಪುರದಾಗ ನಾ ಪೂರಾ ನೋಡೇನಿ! ಅಲ್ಲಿ ಕೇಳಾಂವ ಫೌಜದಾರ ಇದ್ನೋ... ಆ ಮಗ ತನ್ನ ಅವ್ವನ್ನ ಮನ್ಯಾಗ ಮುಚ್ಚಿಟ್ಟು ಹಂಗ ಅಂದಿದ್ನೋ!"