ಬಿಚ್ಚಿದ ಜಡೆ

ಮೊಮ್ಮಗಳ ಕೋಲಾಟದ ಕೋಲಿನಿಂದ ಅರಗಿನ ವಾಸನೆ ಬಂದರೆ ಈಗಲೂ ನನ್ನ ಎಡಗೈ ಹಗ್ಗ ಹುಡುಕುತ್ತದೆ.

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಜಡೆ ಕೋಲಾಟದ ಅಭ್ಯಾಸ ನಡೆದಿತ್ತು. ಮಾಗಡಿಯಲ್ಲಿ ದೊಡ್ಡ ಹುಡುಗಿಯರ ಆಟ ನೋಡಿ ಬಂದಮೇಲೆ ಅಕ್ಕ, ನಾನು ಸೇರಿ ನಮ್ಮ ಎಂಟು ಜನಕ್ಕೆ ಸೋದರತ್ತೆಯೇ ಕಲಿಸುತ್ತಿದ್ದಳು. ತೊಲೆಯಿಂದ ಇಳಿಬಿಟ್ಟ ಬಣ್ಣದ ಹಗ್ಗ ಎಡಗೈಯಲ್ಲಿ, ಅರಗು ಬಳಿದ ಕೋಲು ಬಲಗೈಯಲ್ಲಿ ಹಿಡಿದು ಸುತ್ತಿ ಕುಣಿದರೆ ಜಡೆ ಹೆಣೆಯುತ್ತದೆ, ಅದೇ ದಾರಿಯಲ್ಲಿ ಹಿಂದಕ್ಕೆ ಕುಣಿದರೆ ಬಿಚ್ಚುತ್ತದೆ.

ಬಾಗಿಲಲ್ಲಿ ಗಾಡಿ ನಿಂತಿತ್ತು. ಹದಿಮೂರರ ಅಕ್ಕನನ್ನು ಕರೆದೊಯ್ಯಲು ಅವಳ ಗಂಡನ ತಂದೆ ಬಂದಿದ್ದರು.

"ಒಸಿ ಕೂತ್ಕಳಿ ಬೀಗ್ರೇ. ಜಡೆ ಬಿಚ್ಚೋಗಂಟ ಯಾರೂ ಹಗ್ಗ ಬುಡಂಗಿಲ್ಲ, ಕೆಟ್ಟದಾಯ್ತದೆ," ಎಂದು ಅತ್ತೆ ಅವರನ್ನು ಜಗಲಿಯಲ್ಲೇ ಕೂರಿಸಿದಳು.

ಬಿಚ್ಚುವ ಸುತ್ತಿನಲ್ಲಿ ಅಕ್ಕ ತಪ್ಪು ಹೆಜ್ಜೆ ಇಟ್ಟಳು. ಹಗ್ಗ ಗಂಟಾಯಿತು. ಎಂದೂ ತಪ್ಪದವಳು ಮತ್ತೆ ಮತ್ತೆ ತಪ್ಪಿದಳು.

"ಏನಮ್ಮಿ, ಗ್ಯಾನ ಎಲ್ಲೈತೆ ನಿಂಗೆ?" ಅತ್ತೆ ರೇಗಿದಳು. ಹಗ್ಗದ ಕೆಂಪು ಬಣ್ಣ ಅಕ್ಕನ ಬೆವೆತ ಅಂಗೈಗೆ ಹತ್ತಿತ್ತು. ಹೊತ್ತು ಇಳಿಯುತ್ತಿತ್ತು.

ಆರು ವರ್ಷದ ನಾನು ಬಲು ಜಾಣೆ. ಅವಳ ಹಗ್ಗದಡಿ ಎರಡು ಸಲ ನುಸುಳಿ, "ಅತ್ತೆ, ಬಿಚ್ಚೋಯ್ತು!" ಎಂದು ಕೂಗಿದೆ. ಎಲ್ಲರೂ ಭೇಷ್ ಎಂದರು.

ಅಕ್ಕ ಮಾತ್ರ ಹಗ್ಗ ಬಿಡಲಿಲ್ಲ. ಅವಳ ಬೆರಳುಗಳನ್ನು ಅತ್ತೆ ಒಂದೊಂದಾಗಿ ಬಿಡಿಸಿದಳು.