ಪೂಜೆಗಿಟ್ಟ ಸೀಡಿ

ನೀಲಿ ಪರದೆಯ ಮೇಲೆ ಹಳದಿ ಪಟ್ಟಿ ಶೇಕಡಾ ಮೂವತ್ತೊಂಬತ್ತಕ್ಕೆ ಬಂದು ಮೂರನೇ ಸಲ ನಿಂತಿತು. ಕಂಪ್ಯೂಟರ್ ರಿಪೇರಿಯ ಮಣಿಕಂಠ ಕೀಬೋರ್ಡಿನಿಂದ ಕೈ ತೆಗೆದು ಕುರ್ಚಿಗೆ ಒರಗಿದ.

“ಸೀಡಿ ಓಯ್ತು ಕಣವ್ವ. ಇಪ್ಪತ್ತು ವರ್ಸದ ಹಳೇ ವಿಂಡೋಸ್ ಎಕ್ಸ್‌ಪಿನ ಇನ್ನೆಷ್ಟ್ ದಿನ ದುಡಿಸ್ತೀಯ? ಪಾಪ, ಅದೂ ಪಿಂಚಣಿ ಕೇಳ್ತಾ ಅದ.”

“ನಂಗೇ ಪಿಂಚಣಿ ಬಂದು ಎಂಟ್ ವರ್ಸ ಆಯ್ತು. ನಾ ದುಡೀತಿಲ್ವ?” ಎಂದಳು ಶಿವರತ್ನಮ್ಮ.

ಕೊಳ್ಳೇಗಾಲದ ಆ ಬೀದಿಯಲ್ಲಿ, ರೇಷ್ಮೆ ಸೀರೆಯ ಅಂಚು ಸೆರಗಿನ ಚಿತ್ತಾರಕ್ಕೆ ತಕ್ಕಂತೆ ಮಗ್ಗದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಕೊಡುವವಳು ಅವಳೊಬ್ಬಳೇ. ತೂತು ಹೊಡೆಯುವ ಯಂತ್ರ ಮಾತು ಕೇಳುತ್ತಿದ್ದದ್ದು ಈ ಹಳೆಯ ಕಂಪ್ಯೂಟರಿನದು ಮಾತ್ರ. ಹೊಸದರಲ್ಲಿ ಅದರ ದಪ್ಪ ವೈರು ಸಿಕ್ಕಿಸುವ ಜಾಗವೇ ಇಲ್ಲ. ವೈರಸ್ ಹೊಕ್ಕಿದೆ ಎಂದು ಮಣಿಕಂಠ ಬೆಳಗ್ಗೆಯೇ ಅದರ ವಿಂಡೋಸನ್ನು ಅಳಿಸಿಬಿಟ್ಟಿದ್ದ, ಸೀಡಿಯಿಂದ ಮತ್ತೆ ತುಂಬಬೇಕಿತ್ತು. ಅವಳ ಡಿಸೈನುಗಳೆಲ್ಲ ಡಿ ಡ್ರೈವಿನಲ್ಲಿ ಭದ್ರವಾಗಿದ್ದವು, ತೆಗೆಯಲು ಬಾಗಿಲಿರಲಿಲ್ಲ, ಅಷ್ಟೆ.

ಜಗುಲಿಯಲ್ಲಿ ಅಗರದ ನೇಕಾರ ಪುಟ್ಟಮಾದಪ್ಪ ಚೀಲ ಹೆಗಲಿಗೆ ಹಾಕಿಕೊಂಡೇ ಕುಳಿತಿದ್ದ.

“ಹಾಸು ಏರ್ಸಿ ನಾಕ್ ದಿನ ಆಯ್ತು ಕಣಕ್ಕ. ಮಗ್ಗ ಬಾಯ್ ಬುಟ್ಕಂಡು ಕೂತದ. ಇವತ್ತು ಕಾರ್ಡು ಸಿಕ್ಕುದ್ರ ಸರಿ, ಇಲ್ದಿದ್ರ ಸಂಜ ಬಸ್ಸಿಗೆ ಬೆಂಗ್ಳೂರ್ಗೆ ಓಯ್ತೀನಿ. ಬೇಜಾರ್ ಮಾಡ್ಕಬ್ಯಾಡ.”

ಬೆಂಗಳೂರಿನಲ್ಲಿ ಒಂದು ಸಲ ಕಾರ್ಡು ಮಾಡಿಸಿಕೊಂಡವರು ಯಾರೂ ಅವಳ ಜಗುಲಿಗೆ ಮತ್ತೆ ಬಂದಿರಲಿಲ್ಲ. ಉಳಿದಿದ್ದವನು ಪುಟ್ಟಮಾದಪ್ಪ ಒಬ್ಬನೇ.

“ನಿನ್ನತ್ರ ಬ್ಯಾರೆ ಸೀಡಿ ಇಲ್ವ ಮಗ?”

“ಕಾಪಿ ಮಾಡಿರವು ನಾನೇ ಮೂರು ತಂದಿದ್ದಿ. ನಿನ್ ಮಿಸನ್ನು ಒಂದ್ನೂ ಮುಟ್ನಿಲ್ಲ, ಉಗುದ್‌ಬುಡ್ತು. ಪೆನ್‌ಡ್ರೈವ್ ಅಂದ್ರ ಏನು ಅಂತ್ಲೇ ಅದಕ್ಕ ಗೊತ್ತಿಲ್ಲ. ಒರಿಜಿನಲ್ಲೇ ಬೇಕಂತ, ಜಂಬ.”

“ಅದ್ನ ತಗುದು ಕೊಡಿಲ್ಲಿ.”

ಶಿವರತ್ನಮ್ಮ ಸೀಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿದಳು. ಹೊಳೆಯುವ ಮೈಮೇಲೆ ಮಬ್ಬಾಗಿ ಮೂರು ಅಡ್ಡಗೆರೆ. ನಡುವೆ ಒಂದು ಕೆಂಪು ಕಲೆ. ಮೂರು ಬೆರಳ ಅಳತೆ, ಅವಳದೇ ಬೆರಳು.

ಕಂಪ್ಯೂಟರ್ ಮಾರಿ ಜೊತೆಗೆ ಇದನ್ನು ಕೊಟ್ಟವನು, “ಇದು ಮಿಷನ್ನಿನ ಜೀವ, ಜೋಪಾನ” ಎಂದಿದ್ದ. ಅವಳು ಜೋಪಾನ ಮಾಡಿದ್ದಳು. ದೇವರ ಗೂಡಿನಲ್ಲಿಟ್ಟು ಪ್ರತಿ ಆಯುಧಪೂಜೆಗೂ ಕತ್ತರಿ, ಅಳತೆಪಟ್ಟಿ, ಯಂತ್ರದ ಜೊತೆಗೆ ಅದಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಮಾರನೇ ದಿನ ಸೆರಗಿನಲ್ಲಿ ಒರೆಸುತ್ತಿದ್ದಳು. ಒಂದು ಕಡೆ ಬರೀ ಇಂಗ್ಲಿಷು. ರಾತ್ರಿ ಶಾಲೆಯಲ್ಲಿ ಆಗಿನ್ನೂ ಕನ್ನಡದ ಒತ್ತಕ್ಷರಕ್ಕೆ ಬಂದಿದ್ದವಳಿಗೆ ಅದು ಬೆನ್ನಿನ ಹಾಗೆ ಕಂಡಿತ್ತು. ಇನ್ನೊಂದು ಕಡೆ ಕಳಸದ ಮುಂದಿನ ಕನ್ನಡಿಯಂತೆ ಹೊಳೆಯುತ್ತಿತ್ತು. ಮುಖ ಅದೇ ಇರಬೇಕು ಎಂದುಕೊಂಡಿದ್ದಳು.

ಮಣಿಕಂಠ ಬಗ್ಗಿ ನೋಡಿದ. ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

“ಅವ್ವೋ, ಅದರ ಕಣ್ಗೇ ಕುಂಕುಮ ತುಂಬಿದ್ದೀಯಲ್ಲವ್ವ. ಅದು ಎಂಗ್ ಓದದು?”

“ಆಮೇಲ್ ನಗುವಂತೆ. ಗೀರು ಬಿದ್ದದೊ, ಬರೀ ಕಲೆಯೋ, ಅದ್ನ ಏಳು.”

“ಕಲೆನೇ ಜಾಸ್ತಿ. ಆದ್ರ ಉಜ್ಜುದ್ರ ಗೀರಾಯ್ತದ.”

“ರೇಸ್ಮೆ ತೊಳ್ಯೋಳ್ಗೆ ಉಜ್ಜಬ್ಯಾಡ ಅಂತ ಏಳ್ಕೊಡಕ್ ಬಂದ ಇವನು.”

ಒಳಗೆ ಹೋಗಿ ಎರಡು ಅಂಟುವಾಳಕಾಯಿ ಜಜ್ಜಿ ಉಗುರುಬೆಚ್ಚಗಿನ ನೀರಿಗೆ ಹಾಕಿದಳು. ನೊರೆ ಬರುವವರೆಗೆ ಕಾದಳು. ಹರಿದ ರೇಷ್ಮೆಯ ತುಂಡೊಂದನ್ನು ಅದ್ದಿ, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ಮದುವೆ ಸೀರೆಯ ಜರಿ ಒರೆಸುವಷ್ಟು ಹಗುರವಾಗಿ ಎಳೆದಳು. ವಿಭೂತಿ ಬೇಗ ಬಿಟ್ಟಿತು. ಕುಂಕುಮ ಬಿಡಲಿಲ್ಲ. ನೀರು ಚೆಲ್ಲಿ ಹೊಸ ನೀರು ಕಾಯಿಸಿದಳು. ಮತ್ತೆ ಚೆಲ್ಲಿದಳು. ಜಗುಲಿಯಲ್ಲಿ ಪುಟ್ಟಮಾದಪ್ಪ ಎದ್ದು ನಿಂತದ್ದು ಕೇಳಿಸಿತು.

“ಕೂತ್ಕೊ ಪುಟ್ಟಮಾದಪ್ಪ. ಬಸ್ಸು ಐದೂವರೆಗಲ್ವ,” ಎಂದಳು, ತಲೆ ಎತ್ತದೆ.

ನಾಲ್ಕನೇ ನೀರಿಗೆ ಕೆಂಪು ಹೋಗಿ ತೆಳು ಗುಲಾಬಿ ಉಳಿಯಿತು. ಐದನೆಯದಕ್ಕೆ ಅದೂ ಇಲ್ಲ.

ಮಣಿಕಂಠ ಸೀಡಿ ಹಾಕಿ ಎಂಟರ್ ಒತ್ತಿದ. ಮೂವತ್ತೊಂಬತ್ತು. ಡಬ್ಬಿ ಕರಕರ ಎಂದಿತು, ಸುಮ್ಮನಾಯಿತು, ಮತ್ತೆ ಕರಕರ ಎಂದಿತು. ನಲವತ್ತು.

ನಾಲ್ಕು ಗಂಟೆಗೆ ವಿಂಡೋಸ್ ಎದ್ದು, ಪರದೆಯ ಮೇಲೆ ಅದರ ಹಸಿರು ಗುಡ್ಡದ ಚಿತ್ರ ಬಂದು ನಿಂತಿತು.

“ಇದ್ಯಾವ ಬೆಟ್ಟ? ನಮ್ ಬಿಳಿಗಿರಿ ಬೆಟ್ಟ ಅಲ್ವಲ್ಲ. ತಗ್ದಾಕು. ಎಳೆ ಎಣ್ಸೋ ಕಣ್ಗೆ ಬೆಟ್ಟ ಯಾಕ? ಬರೀ ಕಪ್ಪು ಮಾಡು. ಅಕ್ಸರ ದಪ್ಪಕಿರ್ಲಿ.”

ಅವನು ಕಪ್ಪು ಮಾಡಿ, ಅಕ್ಷರ ದಪ್ಪ ಮಾಡಿ, ಕಾರ್ಡು ಹೊಡೆಯುವ ಸಾಫ್ಟ್‌ವೇರನ್ನು ಅವಳು ತೋರಿಸಿದ ಎಡಗಡೆಯ ಮೇಲಿನ ಮೂಲೆಯಲ್ಲೇ ಕೂರಿಸಿದ. ಅವಳು ಮೌಸು ಹಿಡಿದು ಮೂರು ಸಲ ರಿಫ್ರೆಶ್ ಒತ್ತಿದಳು, ಮಗ್ಗಕ್ಕೆ ಏರಿದ ಹಾಸನ್ನು ತಟ್ಟಿ ನೋಡುವ ಹಾಗೆ. ಆಮೇಲೆ ಯಂತ್ರ ಟಕಟಕ ಎಂದು ಮೊದಲ ಕಾರ್ಡು ಉಗುಳಿತು. ಪುಟ್ಟಮಾದಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ತೂತುಗಳನ್ನು ಎಣಿಸಿದ. ಎಣಿಸಿ ಮುಗಿಸಿ, ಹೆಗಲಿನ ಚೀಲ ಕೆಳಗಿಟ್ಟ.

ಮಣಿಕಂಠ ಹೊರಡುವ ಮುಂಚೆ ಅವಳು ಆ ಸೀಡಿಯ ಒಂದು ಕಾಪಿ ಮಾಡಿಸಿಕೊಂಡಳು. ಒರಿಜಿನಲ್ಲನ್ನು ಕವರಿಗೆ ಹಾಕಿ ಕತ್ತರಿಯ ಪಕ್ಕ ಮೇಜಿನ ಡ್ರಾದಲ್ಲಿಟ್ಟಳು. ಕಾಪಿಯನ್ನು ದೇವರ ಗೂಡಿಗೆ ಒಯ್ದು, ಹೊಳೆಯುವ ಕಡೆಗೇ ಮೂರು ಬೆರಳ ವಿಭೂತಿ ಬಳಿದು ಕುಂಕುಮ ಇಟ್ಟಳು.

“ಉಲ್ಟಾ ಆಯ್ತಲ್ಲವ್ವ,” ಎಂದ ಮಣಿಕಂಠ. “ದೇವ್ರ ಗೂಡ್ಗೆ ಒರಿಜಿನಲ್ ಅಲ್ವ ಇಡದು?”

“ದೇವ್ರು ಕಾಪಿಗೂ ಬತ್ತನ ಕಣಪ್ಪ,” ಎಂದಳು ಶಿವರತ್ನಮ್ಮ, ಬೆರಳು ಒರೆಸಿಕೊಳ್ಳುತ್ತ. “ಮಿಸನ್ನು ಬರಕಿಲ್ಲ.”