ನೀರುಕಾಯಿ ಮರದ ಕೆಳಗೆ

ಹೆಣ್ಣು ನೋಡಲು ಹೋದಾಗ, ಇಬ್ಬರೇ ಮಾತಾಡಿಕೊಳ್ಳಲಿ ಎಂದು ಹಿರಿಯರು ನಮ್ಮನ್ನು ಹಿತ್ತಿಲಿಗೆ ಕಳಿಸಿದರು. ಅಲ್ಲೊಂದು ನೀರುಕಾಯಿ ಮರವಿತ್ತು. ಮರದ ತುಂಬ ಬಟ್ಟಲಿನಂಥ ಕೆಂಪು ಹೂಗಳು.

"ನಂಗೀಗ ಮದುವೆ ಬೇಡ. ನೀವೇ ಒಪ್ಪಿಗೆ ಇಲ್ಲ ಅಂದ್ಬಿಡಿ" ಎಂದಳು ಮಂದಾಕಿನಿ.

"ಅದಕ್ಕೇನಂತೆ, ಹೇಳ್ತೀನಿ" ಎಂದೆ. ಬೇಸರ ಮುಚ್ಚಿಕೊಳ್ಳಲು, ಹುಲಿಯುಗುರಿನಂತೆ ಬಾಗಿದ ಮೊಗ್ಗೊಂದನ್ನು ಕಿತ್ತು, ದೊಡ್ಡ ಸಸ್ಯವಿಜ್ಞಾನಿಯ ಗತ್ತಿನಲ್ಲಿ ಹಿಚುಕಿದೆ. ಒಳಗಿದ್ದ ನೀರು ಪಿಚಕಾರಿಯಂತೆ ಚಿಮ್ಮಿ, ನನ್ನ ಪ್ಯಾಂಟನ್ನು ಒದ್ದೆಯಾಗಬಾರದ ಜಾಗದಲ್ಲೇ ಒದ್ದೆ ಮಾಡಿತು. ಅವಳು ಮರ ಹಿಡಿದುಕೊಂಡು ನಕ್ಕಳು.

ಒಳಗೆ ಬಂದಾಗ ಅವಳ ಅಪ್ಪನ ಕಣ್ಣು ನೇರ ಅಲ್ಲಿಗೇ ಹೋಯಿತು.

"ಏನಪ್ಪಾ, ಹುಡುಗಿ ಒಪ್ಪಿಗೆಯಾ?"

ಕೊಟ್ಟ ಮಾತಿನಂತೆ ಇಲ್ಲವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಅವಳ ದನಿ ಕೇಳಿಸಿತು:

"ಅಪ್ಪಾ, ನಂಗೆ ಒಪ್ಪಿಗೆ. ಮತ್ತೆ, ಅದು ಮರದ ನೀರು."